ಈಬತ್ತಿ ಬಾತಿನ ಹಸಿರು ಕೊರಳಪಟ್ಟಿ

ಪೋಂಯ್, ಪೋಂಯ್ ಎನ್ನುವ ರಬ್ಬರ್ ಬುರುಡೆ ಹಾರ್ನಿನ ಸದ್ದು ತೊಂಬತ್ತರ ದಶಕದ ನಂಜನಗೂಡಿನಲ್ಲಿ ನಮ್ಮ ಬೀದಿಯ ಅಲಾರಂ. ಸೈಕಲ್ಲಿನ ಕ್ಯಾರಿಯರಿಗೆ ತಗಡಿನ ಟ್ರಂಕು ಬಿಗಿದು, ಅದರೊಳಗೆ ಬೆಚ್ಚಗಿನ ಬನ್ನು, ಬ್ರೆಡ್ಡು, ರಸ್ಕು ತುಂಬಿಕೊಂಡು ಬೇಕರಿಯವನು ಆರೂವರೆಗೆ ಸರಿಯಾಗಿ ಬರುತ್ತಿದ್ದ. ಮೂವತ್ತು ವರ್ಷ ಟೀಚರಾಗಿ ಕಾನ್ವೆಂಟಿನ ಗಂಟೆಗೆ ಎದ್ದು ಕೂತು ಮಾಡಿದ್ದ ನನಗೆ ರಿಟೈರ್ ಆದ ಮೇಲೂ ಯಾವುದಾದರೂ ಒಂದು ಗಂಟೆ ಬೇಕಿತ್ತು. ಆ ಕೆಲಸವನ್ನು ಅವನ ಹಾರ್ನು ವಹಿಸಿಕೊಂಡಿತ್ತು ಅನ್ನಿ.

ಒಂದು ಡಿಸೆಂಬರಿನ ಬೆಳಗ್ಗೆ ಆ ಸದ್ದು ಅರ್ಧ ಗಂಟೆ ಮೊದಲೇ ಬಂತು. ಅದೂ ಒಂದಲ್ಲ, ಹತ್ತು ಇಪ್ಪತ್ತು ಸೈಕಲ್ಲುಗಳು ಒಟ್ಟಿಗೆ ಬೀದಿಗೆ ನುಗ್ಗಿದ ಹಾಗೆ. ಬೇಕರಿಯವರಿಗೆಲ್ಲ ಇವತ್ತೇನು ಕಾಂಪಿಟಿಷನ್ನೋ ಎಂದುಕೊಳ್ಳುತ್ತ ಶಾಲು ಹೊದ್ದು, ಸ್ಟೀಲ್ ಡಬ್ಬಿ ಹಿಡಿದು ಗೇಟಿಗೆ ಬಂದರೆ ಬೀದಿಯಲ್ಲಿ ಒಂದು ಸೈಕಲ್ಲೂ ಇಲ್ಲ. ಎದುರು ಮನೆಯ ಸೊಸೆ ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದಳು. ಸದ್ದು ಮಾತ್ರ ಇನ್ನೂ ಹತ್ತಿರವಾಗುತ್ತಲೇ ಇತ್ತು. ನಾನು ಅತ್ತ ಇತ್ತ ನೋಡಿ, ಕೊನೆಗೆ ಮೇಲೆ ನೋಡಿದೆ. ಕಪಿಲೆಯ ಕಡೆಯಿಂದ, ಇನ್ನೂ ಬಣ್ಣ ಕಟ್ಟದ ಆಕಾಶದಲ್ಲಿ, ಯಾರೋ ಕೋನ ಅಳೆಯಲು ಎಳೆದು ಅರ್ಧಕ್ಕೇ ಬಿಟ್ಟ ಹಾಗೆ ಒಂದು ಗೆರೆ ಬರುತ್ತಿತ್ತು. ಬರುಬರುತ್ತ ಗೆರೆಯಲ್ಲಿ ಕತ್ತುಗಳು ಕಂಡವು, ರೆಕ್ಕೆಗಳು ಕಂಡವು. ದೊಡ್ಡ ದೊಡ್ಡ ಬಾತುಗಳು ಒಂದಕ್ಕೊಂದು ಹಾರ್ನು ಹೊಡೆದುಕೊಂಡು, ನನ್ನ ಡಬ್ಬಿಯ ಮೇಲಿಂದಲೇ ಪೂರ್ವಕ್ಕೆ ಹೋದವು. ಎದುರು ಮನೆಯವಳು ತಲೆಯೆತ್ತದೆಯೇ, ಅವು ವರ್ಷಾ ವರ್ಷಾ ಬರುತ್ತವೆ ಮೇಡಂ, ನರಸೀಪುರದ ರೋಡಿನ ಕೆರೆಗೆ ಹೋಗುತ್ತವೆ ಎಂದಳು. ಹಾಲಿನವನು ಬಂದ ಎನ್ನುವಷ್ಟೇ ಸಹಜವಾಗಿ.

ನಿಮಗೆ ಸಿಸ್ಟರ್ ಆಗ್ನೆಸ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಹೇಳಿಕೊಟ್ಟವರು. ಬಿಳಿಯ ಪಟ್ಟಿಯೊಳಗೆ ಬಿಗಿದ ಮುಖ, ಅದರ ಹಿಂದೆ ಕಪ್ಪು ಮುಸುಕು, ಕೈಯಲ್ಲಿ ಬೆತ್ತದ ಪಾಯಿಂಟರ್. ಗೋಡೆಯ ಮ್ಯಾಪಿನಲ್ಲಿ ಹಿಮಾಲಯದ ಉದ್ದಕ್ಕೂ ಬೆತ್ತವನ್ನು ಎಳೆದು, "ಗರ್ಲ್ಸ್, ದಿಸ್ ಈಸ್ ಎ ವಾಲ್" ಎನ್ನುತ್ತಿದ್ದರು. ಉತ್ತರದ ಶೀತಗಾಳಿ ಇದನ್ನು ದಾಟುವುದಿಲ್ಲ, ಇಲ್ಲಿಯ ಮೋಡ ಅದನ್ನು ದಾಟುವುದಿಲ್ಲ, ಏನೂ ದಾಟುವುದಿಲ್ಲ. ನಾವು ಅದನ್ನು ಹಾಗೇ ಬರೆದು ಫುಲ್ ಮಾರ್ಕ್ಸ್ ತೆಗೆದುಕೊಂಡಿದ್ದೆವು. ಆ ವಾರ ನಾನು ಲೈಬ್ರರಿಯಲ್ಲಿ ಹಕ್ಕಿಗಳ ಪುಸ್ತಕ ಹುಡುಕಿ ನೋಡಿದರೆ, ಪಟ್ಟೆತಲೆ ಹೆಬ್ಬಾತು ಎಂಬ ಈ ಹಕ್ಕಿ ಮಂಗೋಲಿಯಾ, ಟಿಬೆಟ್ಟಿನ ಸರೋವರಗಳಲ್ಲಿ ಮರಿ ಮಾಡಿ, ಚಳಿ ಬಿದ್ದೊಡನೆ ಅದೇ ಗೋಡೆಯನ್ನು ದಾಟಿ ನಮ್ಮ ಕಡೆಗೆ ಬರುತ್ತದಂತೆ. ಸಿಸ್ಟರ್ ಆಗ ಬದುಕಿರಲಿಲ್ಲ. ಇದ್ದಿದ್ದರೆ ಹೋಗಿ ಹೇಳುತ್ತಿದ್ದೆ. ಮಾರ್ಕ್ಸು ವಾಪಸ್ ತೆಗೆದುಕೊಳ್ಳುವುದಾದರೂ ಚಿಂತೆಯಿರಲಿಲ್ಲ.

ನನ್ನ ಅಕ್ಕ ತಿ. ನರಸೀಪುರದಲ್ಲಿದ್ದಳು. ವಾರಕ್ಕೊಮ್ಮೆ ಅವಳನ್ನು ನೋಡಲು ಹೋಗುವ ಬಸ್ಸು ಆ ಕೆರೆಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಅಲ್ಲಿಯವರೆಗೂ ಅದು ನನಗೆ ಕಿಟಕಿಯಾಚೆಯ ಒಂದು ಹೊಳಪು ಮಾತ್ರ. ಮುಂದಿನ ವಾರ ಏರಿಯ ಬಳಿ ಬಸ್ಸು ನಿಲ್ಲಿಸಲು ಹೇಳಿದಾಗ ಕಂಡಕ್ಟರು, ಇಲ್ಲಿ ಊರೂ ಇಲ್ಲ ಸ್ಟಾಪೂ ಇಲ್ಲ, ಯಾರ ಮನೆಗಮ್ಮ ಎಂದು ಕೇಳಿದ. ಬಾತು ನೋಡಬೇಕು ಎಂದೆ. ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಮುಂದಿನ ಚಳಿಗಾಲದ ಹೊತ್ತಿಗೆ ಅದೇ ಕಂಡಕ್ಟರು ಏರಿ ಬಂದೊಡನೆ, "ಬಾತ್ ಸ್ಟಾಪ್, ಬಾತ್ ಸ್ಟಾಪ್, ಯಾರ್ರೀ ಇಳಿಯೋರು?" ಎಂದು ಕೂಗಿ ನಗುವಷ್ಟು ನಾನು ಪ್ರಸಿದ್ಧಳಾಗಿದ್ದೆ.

ಏರಿಯ ಮೇಲೆ ಮೊದಲ ದಿನವೇ ನನಗೆ ಎದುರಾದವಳು ಚಿಕ್ಕತಾಯಮ್ಮ. ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಮೊಣಕಾಲಿಗೆ ಎತ್ತಿಕಟ್ಟಿದ ಸೀರೆ, ಹೆಗಲ ಮೇಲೆ ಗುದ್ದಲಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ನನ್ನ ಕೈಚೀಲ, ಕನ್ನಡಕ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಬೈನಾಕ್ಯುಲರ್ ನೋಡಿ, ಮಲೇರಿಯಾ ಇಲಾಖೆಯವಳೆಂದು ತಿಳಿದು, ಕೆರೆಯಲ್ಲಿ ಸೊಳ್ಳೆಯಿಲ್ಲ ಎಂದು ತಾನಾಗಿಯೇ ವರದಿ ಒಪ್ಪಿಸಿದಳು. ಅವಳ ಗಂಡ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವರ ಮನೆತನದ ಕೆಲಸ. ಗಂಡ ತೀರಿಕೊಂಡ ಮರುದಿನ ಬೆಳಗ್ಗೆ ಗದ್ದೆಗಳಿಗೆ ನೀರು ಬಿಡಬೇಕಿತ್ತು. ಯಾರಾದರೂ ಬರುತ್ತಾರೇನೋ ಎಂದು ಕಾದು, ಯಾರೂ ಬರದಿದ್ದಾಗ ಅವಳೇ ಗುದ್ದಲಿ ತೆಗೆದುಕೊಂಡು ಹೋದಳಂತೆ. ಹೆಂಗಸು ನೀರುಗಂಟಿಯಾಗಬಹುದೆಂದು ಊರು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ನೀರು ಸರಿಯಾಗಿ ಬರುತ್ತಿದ್ದುದರಿಂದ ಆ ಪ್ರಶ್ನೆಯನ್ನು ಎತ್ತುವ ತೊಂದರೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಬಾತುಗಳನ್ನು ಅವಳು ಕರೆಯುತ್ತಿದ್ದುದು ಈಬತ್ತಿ ಬಾತು ಎಂದು. ಬಿಳಿಯ ನೆತ್ತಿಯ ಹಿಂದೆ ಅಡ್ಡಡ್ಡಲಾಗಿ ಎರಡು ಕಪ್ಪು ಪಟ್ಟೆ, ನಡುವೆ ಬಿಳುಪು. ನಂಜುಂಡನ ಊರಿನ ಪಕ್ಕದಲ್ಲಿ ಅದು ವಿಭೂತಿಯಾಗದೆ ಇನ್ನೇನಾದೀತು? ಹಣೆಯ ಮೇಲೆ ಬಿಳಿ ಗೆರೆ ಹೊತ್ತ ಕಪ್ಪು ನಾಮದ ಕೋಳಿಗಳೂ ಅದೇ ಕೆರೆಯಲ್ಲಿ ನೂರಾರು ಇದ್ದವು. ನಾಮವೂ ವಿಭೂತಿಯೂ ಹೀಗೆ ಒಂದೇ ನೀರಿನಲ್ಲಿ ಸಾಮರಸ್ಯದಿಂದ ತೇಲುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೇನೋ ಆ ಬಿಳಿ ಕಪ್ಪು ತಲೆಗಳಲ್ಲಿ ಕಾನ್ವೆಂಟಿನ ಪ್ರೇಯರ್ ಹಾಲು ಕಾಣುತ್ತಿತ್ತು: ಒಂದಿಷ್ಟು ಜನ ಸಿಸ್ಟರುಗಳು ಕತ್ತು ನೆಟ್ಟಗೆ ಮಾಡಿಕೊಂಡು, ಗಂಭೀರವಾಗಿ, ನೀರಿನ ಮೇಲೆ.

ಹೀಗೆ ಶುರುವಾದದ್ದು ವರ್ಷಾನುಗಟ್ಟಲೆ ನಡೆಯಿತು. ಬಾತುಗಳು ಸಂಜೆಗೆ ಎದ್ದು ಕೊಯ್ಲಾದ ಗದ್ದೆಗಳಿಗೆ ಮೇಯಲು ಹೋಗಿ, ಬೆಳಗಾಗುತ್ತ ಕೆರೆಗೆ ಮರಳುತ್ತವೆ ಎಂದು ನನಗೆ ತೋರಿಸಿಕೊಟ್ಟವಳು ಅವಳು. ಕೋಡಿಯ ಹತ್ತಿರದ ಕರಿಜಾಲಿಯಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸುವ ಹೊತ್ತು, ಮಿಂಚುಳ್ಳಿ ಕೂರುವ ಕೋಲು, ಕೆರೆಯ ಹಾವು ಯಾವ ಕಲ್ಲಿನ ಸಂದಿಯದು, ಎಲ್ಲವೂ ಅವಳಿಗೆ ಬೆರಳ ತುದಿಯಲ್ಲಿತ್ತು. ಅವಳದೊಂದು ಕಟ್ಟಳೆಯಿತ್ತು, ಮಾವನಿಂದ ಗಂಡನಿಗೆ, ಗಂಡನಿಂದ ಅವಳಿಗೆ ಬಂದದ್ದು. ಶಿವರಾತ್ರಿ ಕಳೆಯುವ ತನಕ ಕೆಳಗಿನ ತೂಬನ್ನು ಎತ್ತುವುದಿಲ್ಲ. ಕೊನೆಯ ಎರಡು ಮೊಳ ನೀರು ದನಕ್ಕೆ ಮತ್ತು ಬಾತಿಗೆ. ಯಾರು ಬಂದು ಗೋಗರೆದರೂ, ಯಾರು ಬಂದು ಕಣ್ಣು ಕೆಂಪಗೆ ಮಾಡಿದರೂ, ಶಿವರಾತ್ರಿ ಕಳೀಲಿ ನೋಡಾನ ಎನ್ನುವುದೊಂದೇ ಉತ್ತರ. ಬಾತುಗಳು ಹೊರಡುತ್ತಿದ್ದುದೂ ಹೆಚ್ಚು ಕಡಿಮೆ ಆ ಹೊತ್ತಿಗೇ. ನನ್ನ ಡೈರಿಯಲ್ಲಿ ನಾನು ಇದನ್ನು ಕೋಇನ್ಸಿಡೆನ್ಸ್ ಎಂದು ಬರೆದುಕೊಂಡಿದ್ದೆ. ಇಂಗ್ಲಿಷ್ ಟೀಚರುಗಳು ತಮಗೆ ತಿಳಿಯದ್ದಕ್ಕೆ ಇಂಥ ಉದ್ದನೆಯ ಪದಗಳನ್ನು ಇಟ್ಟುಕೊಂಡಿರುತ್ತಾರೆ.

ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದವು. ಒಂದು ಜನವರಿಯಲ್ಲಿ, ಗುಂಪಿನ ನಡುವೆ ಒಂದು ಬಾತಿನ ಕೊರಳಿಗೆ ಹಸಿರು ಪಟ್ಟಿ ಇರುವುದು ನನ್ನ ಬೈನಾಕ್ಯುಲರಿಗೆ ಬಿತ್ತು. ಮೂರು ಬೆರಳಗಲದ, ನಯವಾದ ಪ್ಲಾಸ್ಟಿಕ್ಕು, ಅದರ ಮೇಲೆ ಬಿಳಿಯ ಅಕ್ಷರ ಮತ್ತು ಅಂಕಿ. ಮೈಸೂರಿನಿಂದ ಟೆಲಿಸ್ಕೋಪು ಹೊತ್ತು ಬಂದಿದ್ದ ಯುವಕರೊಬ್ಬರು, ಇದು ಮಂಗೋಲಿಯಾದಲ್ಲಿ ವಿಜ್ಞಾನಿಗಳು ತೊಡಿಸಿದ್ದು, ನಂಬರು ಬರೆದು ಕಳಿಸಿದರೆ ಹಕ್ಕಿಯ ಕಥೆ ಹೇಳುತ್ತಾರೆ ಎಂದು ಒಂದು ಇಮೇಲ್ ವಿಳಾಸ ಕೊಟ್ಟರು. ನಂಜನಗೂಡಿನ ಸೈಬರ್ ಕೆಫೆಯಲ್ಲಿ, ಹೈಸ್ಕೂಲು ಹುಡುಗಿಯರ ನಡುವೆ ಕೂತು, ಒಂದೊಂದೇ ಕೀಲಿ ಹುಡುಕಿ ಒತ್ತುತ್ತ ನಾನು ಆ ಪತ್ರ ಬರೆದೆ. ಒಂಬತ್ತು ದಿನಕ್ಕೆ ಉತ್ತರ ಬಂತು. ಆ ಹಕ್ಕಿಯನ್ನು ಎರಡು ಬೇಸಿಗೆಗಳ ಹಿಂದೆ, ಗರಿ ಉದುರಿ ಹಾರಲಾರದ ವಾರಗಳಲ್ಲಿ, ಹುಲ್ಲುಗಾವಲಿನ ನಡುವಿನ ಒಂದು ಉಪ್ಪುನೀರಿನ ಸರೋವರದ ದಡದಲ್ಲಿ ಹಿಡಿದು ಪಟ್ಟಿ ತೊಡಿಸಿ ಬಿಟ್ಟಿದ್ದರಂತೆ. ಆಮೇಲೆ ಅದನ್ನು ಕಂಡು ತಿಳಿಸಿದವಳು ನಾನೇ ಮೊದಲಿಗಳು.

ನಾನು ಶಾಲೆಯ ಹಳೆಯ ಅಟ್ಲಾಸನ್ನು ಟ್ರಂಕಿನಿಂದ ತೆಗೆದೆ. ಆ ಸರೋವರದಿಂದ ಹಿಡಿದು ಟಿಬೆಟ್ಟಿನ ಬಯಲು, ಹಿಮಾಲಯದ ಯಾವುದೋ ಕಣಿವೆ, ಗಂಗೆಯ ಮೈದಾನ, ದಖನ್ನಿನ ಬಂಡೆಗಳು, ಅಲ್ಲಿಂದ ನಮ್ಮ ಕಪಿಲೆಯವರೆಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಗೋಡೆಯನ್ನು ದಾಟುವಾಗ ನನ್ನ ಕೈ ಒಂದು ಕ್ಷಣ ನಿಂತದ್ದು ನಿಜ. ಬೆತ್ತ ಎಲ್ಲಿಂದ ಬೀಳುತ್ತದೋ ಎಂದು. ಹೆಣ್ಣೋ ಗಂಡೋ ಪತ್ರದಲ್ಲಿರಲಿಲ್ಲ. ನಾನು ಮಾತ್ರ ಆ ಹಕ್ಕಿಗೆ ಆಗ್ನೆಸ್ ಎಂದು ಹೆಸರಿಟ್ಟೆ. ಮರುವರ್ಷ ಆಗ್ನೆಸ್ ಮರಳಿ ಬಂತು. ಹಸಿರು ಪಟ್ಟಿ ಕಂಡ ಆ ಬೆಳಗ್ಗೆ ಏರಿಯ ಮೇಲೆ ಕಣ್ಣೊರೆಸಿಕೊಂಡೆನೆಂದರೆ ನಗಬೇಡಿ. ಸಾವಿರಾರು ಮೈಲು ದೂರದಿಂದ ಯಾರೋ ಗೊತ್ತಿರುವವರು ನಮ್ಮೂರಿಗೆ ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಚಿಕ್ಕತಾಯಮ್ಮನಿಗೆ ಮೊದಲ ದಿನದಿಂದಲೂ ಆ ಪಟ್ಟಿಯ ಮೇಲೊಂದು ಕಣ್ಣು. ಕಟ್ಟಿದವರು ಯಾರು, ಸಡಿಲ ಮಾಡಲು ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಳು. ನಿಮ್ಮ ಮನೆಯಲ್ಲಿ ಕರು ಇದ್ದಿದ್ದರೆ ಅವಳ ಪ್ರಶ್ನೆ ನಿಮಗೆ ತಕ್ಷಣ ತಿಳಿಯುತ್ತಿತ್ತು. ಎಳೆಗರುವಿನ ಕೊರಳಿಗೆ ಕಟ್ಟುವ ಕಣ್ಣಿಯನ್ನು ತಿಂಗಳಿಗೊಮ್ಮೆ ಬೆರಳು ತೂರಿಸಿ ನೋಡಿ ಸಡಿಲಿಸಬೇಕು. ಮರೆತರೆ ಕರು ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ, ಚರ್ಮದೊಳಗೆ ಇಳಿದು ಹುಣ್ಣಾಗುತ್ತದೆ. ಅವರ ಕೇರಿಯಲ್ಲಿ ಕಣ್ಣಿ ಮರೆತವನಿಗೆ ಸಿಗುವ ಬೈಗುಳ ಇನ್ಯಾವ ತಪ್ಪಿಗೂ ಸಿಗುವುದಿಲ್ಲ. ಇದು ಬೆಳೆದು ನಿಂತ ಹಕ್ಕಿ, ಕೊರಳ ಅಳತೆ ತೆಗೆದೇ ಮಾಡಿದ್ದು, ಬಳೆಯ ಹಾಗೆ ಒಳಗೆ ಜಾಗವಿದೆ ಎಂದು ನಾನು ಕೂತು ಹೇಳಬಹುದಿತ್ತು. ಹೇಳಲಿಲ್ಲ. ಅದೆಲ್ಲ ಸೈಂಟಿಫಿಕ್ಕಾಗಿ ಮಾಡಿರ್ತಾರೆ ಚಿಕ್ಕತಾಯಮ್ಮ, ನೀನು ಯೋಚನೆ ಮಾಡಬೇಡ ಎಂದು ಬೈನಾಕ್ಯುಲರಿಗೆ ಕಣ್ಣು ಹಚ್ಚಿದೆ. ಮೂವತ್ತು ವರ್ಷ ಕ್ಲಾಸಿನಲ್ಲಿ, ಪ್ರಶ್ನೆ ಕೇಳಿದ ಮಗುವನ್ನು ಕೂರಿಸಬಾರದು ಎಂದು ಹೊಸ ಟೀಚರುಗಳಿಗೆ ಪಾಠ ಹೇಳಿದವಳು ನಾನೇ.

ಮೂರನೆಯ ಚಳಿಗಾಲ. ಫೆಬ್ರವರಿಯ ಒಂದು ಬೆಳಗ್ಗೆ ಬಸ್ಸಿಳಿದಾಗ ಚಿಕ್ಕತಾಯಮ್ಮ ಎಂದಿನಂತೆ ತೂಬಿನ ಬಳಿ ಇರಲಿಲ್ಲ. ರಸ್ತೆಯ ಅಂಚಿನಲ್ಲೇ ನನಗಾಗಿ ಕಾಯುತ್ತಿದ್ದಳು. ಸೀರೆ ಸೊಂಟದವರೆಗೆ ಒದ್ದೆ, ಮುಂಗೈ ಮೇಲೆ ಬಾಸುಂಡೆ, ಮುಖದಲ್ಲಿ ಮಾತ್ರ ಫಸ್ಟ್ ಪ್ರೈಜ್ ಬಂದ ಹುಡುಗಿಯ ಕಳೆ. ನಡೆದದ್ದಿಷ್ಟು. ಕೋಡಿಯ ಬಳಿ ಯಾರೋ ಬಿಟ್ಟುಹೋಗಿದ್ದ ಮೀನಿನ ಬಲೆಗೆ ಆಗ್ನೆಸ್ ಸಿಕ್ಕಿಕೊಂಡಿತ್ತು. ನೈಲಾನ್ ದಾರ ಕೊರಳಪಟ್ಟಿಯ ಒಳಗೂ ಹೊರಗೂ ಸುತ್ತಿ, ಹಕ್ಕಿ ಎಳೆದಷ್ಟೂ ಬಿಗಿದು, ತಲೆ ನೀರಿಗೆ ಜಗ್ಗುತ್ತಿತ್ತು. ಇವಳು ಸೊಂಟದ ನೀರಿಗಿಳಿದು, ಸೆರಗನ್ನು ಅದರ ತಲೆಗೆ ಮುಚ್ಚಿ, ರೆಕ್ಕೆಯ ಹೊಡೆತ ತಿನ್ನುತ್ತಲೇ ಕಂಕುಳಲ್ಲಿ ಅವುಚಿಕೊಂಡು ದಡಕ್ಕೆ ತಂದಿದ್ದಳು. ಕುಡುಗೋಲಿನಿಂದ ಬಲೆಯನ್ನು ಕೊಯ್ದಳು. ಕೊಯ್ದು, ಕೈಗೆ ಸಿಕ್ಕಿರುವಾಗಲೇ ಇದೂ ಆಗಿಹೋಗಲಿ ಎಂದು, ಮೂರು ಚಳಿಗಾಲದಿಂದ ಯಾರೂ ಸಡಿಲಿಸದ ಆ ಕಣ್ಣಿಯನ್ನೂ ಕೊಯ್ದು ತೆಗೆದಿದ್ದಳು. ಹಕ್ಕಿ ಒಂದು ಗಳಿಗೆ ನಿಂತು, ಕತ್ತು ಕೊಡವಿ, ಓಡಿ, ಹಾರಿ, ತನ್ನ ಗುಂಪಿಗೆ ಸೇರಿಕೊಂಡಿತಂತೆ. ಹೇಳಿ ಮುಗಿಸಿ ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಹಸಿರು ಪಟ್ಟಿ.

ನಾನು ಅವಳ ಕೈಯ ಬಾಸುಂಡೆಯನ್ನು ನೋಡಲಿಲ್ಲ, ಸ್ನೇಹಿತರೇ. ಪಟ್ಟಿಯನ್ನು ನೋಡಿದೆ. ಕೆರೆಯತ್ತ ನೋಡಿದೆ. ನಾಲ್ಕುನೂರು ಈಬತ್ತಿ ಬಾತುಗಳು ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು, ಎಲ್ಲವೂ ಒಂದೇ ಥರ.

"ಏನು ಮಾಡಿಬಿಟ್ಟೆ ನೀನು? ಅದರ ಅಡ್ರೆಸ್ಸನ್ನೇ ಕತ್ತರಿಸಿ ಹಾಕಿದ್ದೀಯಲ್ಲ" ಎಂದೆ.

ಅವಳು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. "ಅಡ್ರೆಸ್ಸು ಅದರ ತಲೇಲದೆ ಕಣ್ ಮೇಡಮ್ಮೋರೆ, ಕತ್ನಲ್ಲಿಲ್ಲ" ಎಂದು ನಕ್ಕಳು.

"ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕಬಾರದು."

ಆ ಮಾತಿನ ದನಿ ನನಗೆ ಚೆನ್ನಾಗಿ ಗೊತ್ತು. ಅದರಿಂದ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಚಿಕ್ಕತಾಯಮ್ಮನ ನಗು ನಿಧಾನವಾಗಿ ಆರಿತು. ನನಗೆಂದು ಚಾಚಿದ್ದ ಕೈ ಮತ್ತೆ ಮುಷ್ಟಿಯಾಯಿತು. ಪಟ್ಟಿಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಗುದ್ದಲಿ ಹೆಗಲಿಗೇರಿಸಿ, ತೂಬಿನ ಕಡೆಗೆ ನಡೆದುಹೋದಳು.

ಆಮೇಲೆ ನಾನು ಆ ಕೆರೆಯ ಬಳಿ ಇಳಿಯಲಿಲ್ಲ. ಬಸ್ಸು ಏರಿಗೆ ಬಂದಾಗ ಇನ್ನೊಂದು ಬದಿಯ ಕಿಟಕಿಯಲ್ಲಿ ಕೂರುತ್ತಿದ್ದೆ. ಕಂಡಕ್ಟರು ಒಂದೆರಡು ಸಲ ಬಾತ್ ಸ್ಟಾಪ್ ಎಂದು ಕೂಗಿ ನೋಡಿ ಸುಮ್ಮನಾದ. ಮುಂದಿನ ಚಳಿಗಾಲಕ್ಕೆ ಹಾರ್ನುಗಳು ಮನೆಯ ಮೇಲೆ ಹಾದುಹೋದಾಗ ನನಗೆ ಸುಖವಾಗಲಿಲ್ಲ. ಆಗ್ನೆಸ್ ಬಂದಿತೋ ಇಲ್ಲವೋ? ಬಂದರೂ ಅದೇ ಎಂದು ತಿಳಿಯುವುದು ಹೇಗೆ? ಪಟ್ಟಿ ತಿಕ್ಕಿದ ಕಡೆ ಗರಿ ಸವೆದಿರಬಹುದು, ಕೊರಳಲ್ಲಿ ಒಂದು ಕಲೆ ಉಳಿದಿರಬಹುದು ಎಂಬ ಆಸೆಯಿಂದ ನಾನು ಆ ಕೆರೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಹುಡುಕಿದೆ. ಅಕ್ಕನ ಮನೆಯಿಂದ ಹೆಮ್ಮಿಗೆಯ ಗದ್ದೆಬಯಲಿಗೆ, ಅಲ್ಲಿಂದ ಮುಡುಕುತೊರೆಯ ಬೆಟ್ಟದಡಿಯ ಕಾವೇರಿಯ ಮರಳಿಗೆ. ಒಂದೊಂದೇ ಕೊರಳನ್ನು ಬೈನಾಕ್ಯುಲರಿನಲ್ಲಿ ತಡವುತ್ತ ಗಂಟೆಗಟ್ಟಲೆ ನಿಲ್ಲುತ್ತಿದ್ದೆ.

ಹೆಮ್ಮಿಗೆಯಲ್ಲಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ರೈತರೊಬ್ಬರು ನನ್ನನ್ನು ಬೆಳಗ್ಗೆಯೂ ನೋಡಿದ್ದರು, ಮಧ್ಯಾಹ್ನ ಮರಳುವಾಗಲೂ ನೋಡಿದರು. "ಏನ್ ಕಳ್ಕಂಡಿದ್ದೀರವ್ವ?" ಎಂದು ಕೇಳಿದರು.

ಒಂದು ಬಾತು ಎಂದೆ.

"ಸಾಕಿದ್ದಾ?"

ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದವಳು ಆ ಒಂದೇ ಪದದ ಪ್ರಶ್ನೆಗೆ ಅಡ್ಡಡ್ಡ ತಲೆಯಾಡಿಸಿದೆ. ಸಾಕಿದ್ದಲ್ಲ. ಆಮೇಲೆ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕೂತೆ. ಹಾಗಾದರೆ ಸಾಕಿದವರು ಯಾರು? ನಾನು ಆ ಹಕ್ಕಿಗೆ ಕೊಟ್ಟದ್ದೇನು? ಒಂದು ಹೆಸರು, ಅದೂ ಇನ್ನೊಬ್ಬರದು. ಪೆನ್ಸಿಲಿನ ಒಂದು ಗೆರೆ.

ಮನೆಗೆ ಬಂದು, ಪ್ರಿಂಟು ಹಾಕಿಸಿ ಜೋಪಾನವಾಗಿಟ್ಟಿದ್ದ ಇಮೇಲುಗಳನ್ನು ತೆಗೆದೆ. ಪ್ರತಿ ಹಾಳೆಯಲ್ಲೂ ಹಕ್ಕಿ ಯಾವುದು, ಕಂಡ ಜಾಗ ಯಾವುದು, ಕಂಡವರು ಯಾರು ಎಂಬ ಖಾನೆಗಳಿದ್ದವು. ಕಂಡವರು ಎಂಬಲ್ಲಿ ಪ್ರತಿ ಸಲವೂ ನನ್ನ ಹೆಸರು, ಮುಂದೆ ಎಂ.ಎ., ಬಿ.ಎಡ್. ಬೇರೆ. ವಾರಕ್ಕೆರಡು ಗಂಟೆ ಏರಿಯ ಮೇಲೆ ನಿಂತವಳು ಕಂಡವಳು. ಗಂಡ ತೀರಿಕೊಂಡಂದಿನಿಂದ ಅವುಗಳ ಕಾಲಡಿಗೆ ಎರಡು ಮೊಳ ನೀರು ಉಳಿಸಿದವಳ ಹೆಸರು ಆ ಹಾಳೆಗಳಲ್ಲಿ ಎಲ್ಲೂ ಇರಲಿಲ್ಲ. ನಾನು ಬರೆದಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ.

ಮರುದಿನ ಸೈಬರ್ ಕೆಫೆಗೆ ಹೋಗಿ, ಒಂದು ವರ್ಷ ತಡವಾಗಿ, ನಡೆದದ್ದನ್ನು ನಡೆದ ಹಾಗೇ ಬರೆದೆ. ಬಲೆ, ಸೊಂಟದ ನೀರು, ಸೆರಗು, ಬಾಸುಂಡೆ, ಕುಡುಗೋಲು, ಕರುವಿನ ಕಣ್ಣಿ. ಕಂಡವರು: ಚಿಕ್ಕತಾಯಮ್ಮ, ಕೆರೆಯ ನೀರುಗಂಟಿ. ನೀರುಗಂಟಿ ಎಂಬುದಕ್ಕೆ ಇಂಗ್ಲಿಷು ಹುಡುಕಿ ಹುಡುಕಿ ಸೋತು, ಆ ಪದವನ್ನು ಹಾಗೇ ಬಿಟ್ಟು, ನೀರಿಗೆ ನ್ಯಾಯ ಹೇಳುವಾಕೆ ಎಂದು ಪಕ್ಕದಲ್ಲಿ ಬರೆದೆ. ಪಟ್ಟಿ ಹೋದದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ಉತ್ತರ ಚಿಕ್ಕದಾಗಿತ್ತು. ಬಲೆ ಸುತ್ತಿಕೊಂಡ ಪಟ್ಟಿಯನ್ನು ತೆಗೆದದ್ದು ಸರಿಯಾದ ಕೆಲಸ, ಆಕೆ ಇರದಿದ್ದರೆ ಹಕ್ಕಿ ಮುಳುಗುತ್ತಿತ್ತು. ನಾವು ತೊಡಿಸಿದ ಪಟ್ಟಿಗಳಲ್ಲಿ ಬಹಳಷ್ಟರ ಕಥೆ ಒಂದು ದಿನ ಸುಮ್ಮನೆ ನಿಂತುಹೋಗುತ್ತದೆ; ಏನಾಯಿತೆಂದು ನಮಗೆ ಎಂದೂ ತಿಳಿಯುವುದಿಲ್ಲ. ಈ ಹಕ್ಕಿಯ ಕಥೆ ಮಾತ್ರ, ಅದು ಆರೋಗ್ಯವಾಗಿ ಹಾರಿಹೋದದ್ದನ್ನು ಒಬ್ಬರು ಕಣ್ಣಾರೆ ಕಂಡಲ್ಲಿಗೆ ಮುಗಿದಿದೆ. ಆಕೆಗೆ ನಮ್ಮ ಕೃತಜ್ಞತೆ ತಿಳಿಸಿ.

ಆ ಕೊನೆಯ ಸಾಲಿನಿಂದ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಬಸ್ಸು ಏರಿಗೆ ಬಂದಾಗ ನಾನೇ ಎದ್ದು ನಿಂತು ಬಾತ್ ಸ್ಟಾಪ್ ಎಂದೆ. ಚಿಕ್ಕತಾಯಮ್ಮ ತೂಬಿನ ಕಲ್ಲಿನ ಮೇಲೆ ಕೂತು ಎಲೆ ಮಡಿಸುತ್ತಿದ್ದವಳು ನನ್ನನ್ನು ನೋಡಿ, ಸರಿದು, ಪಕ್ಕದಲ್ಲಿ ಜಾಗ ಮಾಡಿದಳು. ಅಷ್ಟೇ. ದಾರಿಯುದ್ದಕ್ಕೂ ನಾನು ಕಟ್ಟಿಕೊಂಡು ಬಂದಿದ್ದ ಕ್ಷಮೆಯ ವಾಕ್ಯಗಳೆಲ್ಲ ಹಾಗೆ ಸರಿದು ಕೂತದ್ದರಲ್ಲೇ ಅನವಶ್ಯಕವಾದವು, ಆದರೂ ಹೇಳಿದೆ. ಪತ್ರವನ್ನು ಬಿಚ್ಚಿ ಕನ್ನಡದಲ್ಲಿ ಓದಿದೆ. ನೀವು ಮಾಡಿದ್ದೇ ಸರಿಯಂತೆ ಚಿಕ್ಕತಾಯಮ್ಮ, ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ ಎಂದೆ.

"ಇದೇನ್ ಮೇಡಮ್ಮೋರೆ, ನೀವು ಗೀವು ಅಂತೀರಿ? ನಾನೇನ್ ತಾಲ್ಲೂಕಾಪೀಸ್ನೋಳಾ?" ಎಂದು ನಕ್ಕರು. ಅವರು ನನಗಿಂತ ದೊಡ್ಡವರೆಂದು ಮೊದಲ ದಿನವೇ ಗೊತ್ತಿದ್ದೂ ಇಷ್ಟು ವರ್ಷ ನೀನು ಎನ್ನುತ್ತಿದ್ದೆ. ಆವತ್ತಿನಿಂದ ನನಗೆ ಆ ಏಕವಚನ ಬಾಯಿಗೆ ಬಂದಿಲ್ಲ. ಈ ಕಥೆಯಲ್ಲೂ ಇಲ್ಲಿಂದ ಮುಂದಕ್ಕೆ ಬರುತ್ತಿಲ್ಲ, ಗಮನಿಸಿರಬಹುದು.

ಅವರು ಬಹಳ ಹೊತ್ತು ಪತ್ರದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಯ್ಯಲಿಲ್ಲವೇ ಎಂದು ಎರಡು ಸಲ ಕೇಳಿದರು. ಆಮೇಲೆ, ವಿಜ್ಞಾನಿಗಳೂ ಕೇಳದ, ನನಗೂ ಇಷ್ಟು ವರ್ಷ ಹೊಳೆಯದ ಒಂದು ಪ್ರಶ್ನೆ ಕೇಳಿದರು.

"ಅಲ್ಲಿ ಆ ಕೆರೇಲೂ ನೀರ್ಗಂಟಿ ಅವ್ರಾ?"

ಗೊತ್ತಿಲ್ಲ ಎಂದೆ. ಬರೀ ಹುಲ್ಲುಗಾವಲಂತೆ, ಕುದುರೆ ಕುರಿ ಮೇಯಿಸುವವರಂತೆ.

"ಅವ್ರೆ ಅನ್ನಿ. ಯಾರೋ ಒಬ್ರು ನೋಡ್ಕಳೋರು ಇಲ್ದೆ ಓದ್ರೆ ಬಾತು ಯಾಕ್ ತಿರ್ಗಾ ಅಲ್ಲಿಗ್ ಓಯ್ತವೆ?"

ನಾನು ಅಟ್ಲಾಸಿನಲ್ಲಿ ಎಳೆದಿದ್ದ ಗೆರೆಯ ಆ ತುದಿಯಲ್ಲಿ ಆವತ್ತಿನವರೆಗೆ ಒಂದು ಸರೋವರವಿತ್ತು. ಆ ಗಳಿಗೆಯಿಂದ ಅಲ್ಲೊಬ್ಬ ಹೆಂಗಸು ನಿಂತಿದ್ದಾಳೆ. ದಪ್ಪನೆಯ ಉಣ್ಣೆಯ ಬಟ್ಟೆ, ಚಳಿಗೆ ಕೆಂಪಾದ ಕೆನ್ನೆ. ವಸಂತದಲ್ಲಿ ಒಂದು ಬೆಳಗ್ಗೆ ಮೇಲಿನಿಂದ ಹಾರ್ನು ಕೇಳಿ ತಲೆಯೆತ್ತಿ, ಬಂದವು ಎನ್ನುತ್ತಾಳೆ, ಹಾಲಿನವನು ಬಂದ ಎನ್ನುವಷ್ಟೇ ಸಹಜವಾಗಿ. ಒಂದು ತುದಿಯ ಹೆಂಗಸಿಗೆ ಇನ್ನೊಂದು ತುದಿಯ ಹೆಂಗಸಿನ ಸುದ್ದಿಯೇ ಇಲ್ಲ. ನಡುವೆ ಸಿಸ್ಟರ್ ಆಗ್ನೆಸ್ಸರ ಗೋಡೆ. ಆದರೂ ಇವರು ಉಳಿಸಿದ್ದನ್ನು ಅವರು ಪಡೆಯುತ್ತಾರೆ, ಅವರು ಕಳಿಸಿದ್ದನ್ನು ಇವರು.

ಹೋಗಲಿ, ಆಗ್ನೆಸ್ ಯಾವುದು ಹೇಳಿ, ನಿಮ್ಮ ಕಂಕುಳಲ್ಲೇ ಇತ್ತಲ್ಲ ಎಂದು ಕೇಳಿದೆ. ಚಿಕ್ಕತಾಯಮ್ಮ ಕೆರೆಯ ತುಂಬ ನಿಂತಿದ್ದ ಬಾತುಗಳ ಕಡೆ ಗಲ್ಲ ಎತ್ತಿ, "ಅದ್ರಲ್ಲೇ ಒಂದು" ಎಂದರು. ಆಮೇಲೆ ಎಲೆಅಡಿಕೆ ಚೀಲದ ತಳ ಕೆದಕಿ ಹಸಿರು ಪಟ್ಟಿಯನ್ನು ತೆಗೆದು, ಸುಣ್ಣ ಒರೆಸಿ, ನನ್ನ ಕೈಗಿಟ್ಟರು. ಒಂದು ವರ್ಷದಿಂದ ಅದು ಅಲ್ಲೇ ಇತ್ತು.

ಈಗ ಅದು ನನ್ನ ಗುಂಡಿ ಸೂಜಿಗಳ ಡಬ್ಬಿಯಲ್ಲಿದೆ. ನಂಬರಿನ ಬಿಳಿ ಬಣ್ಣದ ಮೇಲೆ ಅಡಿಕೆಯ ಕೆಂಪು ಹತ್ತಿದೆ, ನಾನು ತೊಳೆದಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಬಸ್ಸಿನ ಓಡಾಟ ನಿಂತಿತು. ಎರಡು ವರ್ಷ ಬಿಟ್ಟು ಯಾರದೋ ಕಾರಿನಲ್ಲಿ ಆ ಕೆರೆಗೆ ಹೋದಾಗ ತೂಬಿನ ಬಳಿ ಬೇರೊಬ್ಬ ಹೆಂಗಸು ಗುದ್ದಲಿ ಹಿಡಿದು ನಿಂತಿದ್ದಳು. ಚಿಕ್ಕತಾಯಮ್ಮನವರ ಸೊಸೆ. ಅತ್ತೆ ಹೋದ ಮಳೆಗಾಲದಲ್ಲಿ ತೀರಿಕೊಂಡರು ಎಂದಳು. ಕೆಳಗಿನ ತೂಬು ಎತ್ತಿದಿರಾ ಎಂದು ಕೇಳಿದೆ. ಎಲ್ಲಾದರೂ ಉಂಟೇ, ಶಿವರಾತ್ರಿ ಕಳೆದಿಲ್ಲವಲ್ಲ ಎಂದು, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದಳು. ಆ ನೋಟಕ್ಕಾಗಿ ನಾನು ಎಷ್ಟು ಋಣಿ ಎಂದು ಅವಳಿಗೆ ಹೇಗೆ ಹೇಳಲಿ?

ನಮ್ಮ ಬೀದಿಯಲ್ಲಿ ಬೆಳಗ್ಗೆ ಹಾರ್ನು ಕೇಳಿದರೆ ಈಗಲೂ ಡಬ್ಬಿ ಹಿಡಿದು ಗೇಟಿಗೆ ಬರುತ್ತೇನೆ. ಬಂದು, ಮೊದಲು ಆಕಾಶ ನೋಡುತ್ತೇನೆ. ಗೇಟಿನ ಮುಂದೆ ಸೈಕಲ್ ನಿಲ್ಲಿಸಿಕೊಂಡ ಬನ್ನಿನವನು, ಈ ಮುದುಕಿ ಮೇಡಮ್ಮು ಕೆಳಗೆ ನೋಡಲಿ ಎಂದು ತಾಳ್ಮೆಯಿಂದ ಕಾಯುತ್ತಾನೆ.

ಚಿಕ್ಕತಾಯಮ್ಮನವರನ್ನು ನಾನು ಕೊನೆಯ ಸಲ ನೋಡಿದ್ದು ಆ ಪಟ್ಟಿ ಕೊಟ್ಟ ವರ್ಷವೇ, ಶಿವರಾತ್ರಿಗೆ ಎರಡು ದಿನ ಇರುವಾಗ. ಬೈನಾಕ್ಯುಲರನ್ನು ಆವತ್ತು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಇಬ್ಬರೂ ತೂಬಿನ ಕಲ್ಲಿನ ಮೇಲೆ ಕೂತು ನನ್ನ ಡಬ್ಬಿಯ ಬನ್ನು ಹಂಚಿಕೊಂಡು ತಿಂದೆವು. ನರಸೀಪುರದಿಂದ ಬಸ್ಸು ಬಂತು. ಹತ್ತಿ, ಕೆರೆಯ ಬದಿಯ ಕಿಟಕಿಯಲ್ಲೇ ಕೂತೆ. ಅಷ್ಟರಲ್ಲಿ ಗುಂಪಿಗೆ ಗುಂಪೇ ನೀರಿನಿಂದ ಎದ್ದಿತು. ಬಸ್ಸಿನ ಸದ್ದಿನಲ್ಲೂ ನನಗೆ ಆ ಹಾರ್ನುಗಳು ಕೇಳಿದವು. ಸಂಜೆಯ ಮೇವಿಗೆ ಗದ್ದೆಯತ್ತ ತಿರುಗಬೇಕಾದವು ತಿರುಗದೆ, ಮೇಲೆ, ಇನ್ನೂ ಮೇಲೆ, ಉತ್ತರಕ್ಕೆ ಗೆರೆಯಾಗತೊಡಗಿದವು. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಏರಿಯ ಮೇಲೆ ಚಿಕ್ಕತಾಯಮ್ಮ ಎದ್ದು ನಿಂತಿದ್ದರು, ಗುದ್ದಲಿ ಕಾಲಬುಡದಲ್ಲಿತ್ತು, ಬಿಸಿಲಿಗೆ ಅಡ್ಡವಾಗಿ ಕೈಯನ್ನು ಹಣೆಗೆ ಆನಿಸಿ ಹಿಡಿದಿದ್ದರು. ಅವರು ನೋಡುತ್ತಿದ್ದುದು ನನ್ನ ಬಸ್ಸನ್ನಲ್ಲ.